ಕ್ಲಚ್ ಹಿಡಿದರೆ ನಿಲ್ಲುವ ಸದ್ದು

ಮೋಟಾರ್‌ಸೈಕಲ್ಲಿನ ಎಂಜಿನ್ನಿನಲ್ಲಿ ಹೊಸದೊಂದು ಸದ್ದು ಕಾಣಿಸಿಕೊಂಡಾಗ ಸವಾರರು ಮೆಕ್ಯಾನಿಕ್ಕಿನ ಮುಂದೆ ಸಾಮಾನ್ಯವಾಗಿ ವರ್ಣಿಸುವುದು ಆ ಸದ್ದು ಹೇಗಿದೆ ಎಂಬುದನ್ನು: ಅದು ಟಕಟಕ ಎನ್ನುತ್ತದೆಯೋ, ಗರಗರ ಎನ್ನುತ್ತದೆಯೋ, ಕಿಣಿಕಿಣಿ ಎನ್ನುತ್ತದೆಯೋ ಎಂಬ ವಿವರಗಳೇ ಅವರ ದೂರಿನ ಬಹುಪಾಲು. ಆದರೆ ರೋಗನಿದಾನದ ದೃಷ್ಟಿಯಿಂದ ಈ ವಿವರಗಳಿಗೆ ಇರುವ ಬೆಲೆ ಬಹಳ ಕಡಿಮೆ. ಸೈಲೆನ್ಸರಿನ ಸಡಿಲವಾದ ನಟ್ಟು, ಕವಾಟ ಒತ್ತುವ ಸವೆದ ಟ್ಯಾಪೆಟ್ಟು ಮತ್ತು ಹೊಗೆಕೊಳವೆಯ ಸೋರಿಕೆ ಇವು ಮೂರೂ ಕಿವಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಟಕಟಕವಾಗಿ ಕೇಳಿಸಬಲ್ಲವು. ಅದೇ ಹೊತ್ತಿಗೆ ಒಂದೇ ದೋಷವು ಎರಡು ಬೈಕುಗಳಲ್ಲಿ, ಅವುಗಳ ಕವಚದ ದಪ್ಪ ಮತ್ತು ಸಿಲಿಂಡರಿನ ರೆಕ್ಕೆಗಳ ಆಕಾರಕ್ಕೆ ತಕ್ಕಂತೆ, ಎರಡು ಬಗೆಯ ದನಿ ತೆಗೆಯಬಲ್ಲದು. ಸದ್ದು ಯಾವಾಗ ಹುಟ್ಟುತ್ತದೆ, ಏನು ಮಾಡಿದಾಗ ಬದಲಾಗುತ್ತದೆ, ಏನು ಮಾಡಿದಾಗ ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೇ ದೋಷದ ಜಾಗವನ್ನು ತೋರಿಸುತ್ತದೆ. ಕ್ಲಚ್ಚಿನ ಹಿಡಿ, ಆಕ್ಸಿಲರೇಟರ್, ಎಂಜಿನ್ನಿನ ಬಿಸಿ ಮತ್ತು ಗಾಡಿಯ ವೇಗ ಈ ನಾಲ್ಕನ್ನು ಒಂದೊಂದಾಗಿ ಬದಲಿಸಿ ನೋಡಿದರೆ, ಒಂದೇ ಒಂದು ಬೋಲ್ಟನ್ನೂ ಬಿಚ್ಚದೆ, ಶಂಕೆಯ ವಲಯವನ್ನು ಬಹುಮಟ್ಟಿಗೆ ಕಿರಿದುಗೊಳಿಸಬಹುದು.

ಈ ವಿಷಯವನ್ನು ಮೈಸೂರಿನಿಂದ ನೋಡುವುದಕ್ಕೆ ಕಾರಣವಿದೆ. ನಗರದ ಯಾದವಗಿರಿಯಲ್ಲಿ 1960ರಲ್ಲಿ ರೂಪುಗೊಂಡ ಐಡಿಯಲ್ ಜಾವಾ ಕಂಪನಿಯು ಆಗಿನ ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯೊಂದಿಗೆ 1961ರಿಂದ ಇಲ್ಲಿ ಮೋಟಾರ್‌ಸೈಕಲ್ಲುಗಳನ್ನು ತಯಾರಿಸತೊಡಗಿತು. ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ ಅವರು ಕಟ್ಟಿದ ಈ ಕಾರ್ಖಾನೆಗೆ, ಆ ಕಾಲದಲ್ಲಿ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹವಿತ್ತು. 1970ರ ದಶಕದ ಆರಂಭದಲ್ಲಿ ಬೈಕಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಎಂಬ ಹೆಸರುವಾಸಿ ಮಾದರಿ ಬಂದಿತು, ಮತ್ತು 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಸುಮಾರು 35 ವರ್ಷಗಳ ಈ ಅವಧಿಯಲ್ಲಿ ಒಂದೇ ಮೂಲದ ಎಂಜಿನ್ನನ್ನು ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ ಕೈಗಳು ಊರಿನಲ್ಲಿ ಹರಡಿಕೊಂಡವು. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳ ಅಧಿಕೃತ ಪೂರೈಕೆ ನಿಂತುಹೋಗಿ, ಹಳೆಯ ಬೈಕುಗಳನ್ನು ಉಳಿಸಿಕೊಳ್ಳುವುದೆಂದರೆ ದೋಷವನ್ನು ಬೇಗ ಗುರುತಿಸಿ ಇರುವ ಭಾಗವನ್ನೇ ಕಾಪಾಡಿಕೊಳ್ಳುವುದು ಎಂಬಂತಾಯಿತು. ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸಲಾಗುವ ಜಾವಾ ದಿನದಂದು ಸಾಲಾಗಿ ಹೊರಡುವ ಬೈಕುಗಳಲ್ಲಿ ಅರ್ಧ ಶತಮಾನ ದಾಟಿದವೂ ಇರುತ್ತವೆ ಎಂಬುದೇ ಆ ಪರಿಣತಿಗೆ ಸಾಕ್ಷಿ.

ಮೈಸೂರಿನ ಜಾವಾ 250 ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ, ಆದರೆ ಎರಡು ಹೊಗೆಕೊಳವೆಗಳ ಯಂತ್ರ. ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 75 ಮಿ.ಮೀ., ಒಟ್ಟು ಗಾತ್ರ ಸುಮಾರು 249 ಸಿ.ಸಿ. ಎರಡು ಸ್ಟ್ರೋಕ್ ಎಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕು ಒಂದು ಸುತ್ತು ಬರುವಷ್ಟರಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದು, ಒತ್ತಿ, ಸುಟ್ಟು, ಹೊರಹಾಕುವ ಕೆಲಸವೆಲ್ಲ ಮುಗಿಯುತ್ತದೆ ಎಂದರ್ಥ. ಇಂಥ ಎಂಜಿನ್ನಿನಲ್ಲಿ ಕವಾಟಗಳಿಲ್ಲ, ಅವನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇಲ್ಲ, ಅದನ್ನು ತಿರುಗಿಸುವ ಟೈಮಿಂಗ್ ಚೈನ್ ಕೂಡ ಇಲ್ಲ. ಆದ್ದರಿಂದ ಇಂದಿನ ನಾಲ್ಕು ಸ್ಟ್ರೋಕಿನ ಬೈಕುಗಳಲ್ಲಿ ಕೇಳುವ ಸದ್ದುಗಳಲ್ಲಿ ಅರ್ಧದಷ್ಟು ಜಾವಾದಲ್ಲಿ ಹುಟ್ಟುವುದಕ್ಕೆ ಜಾಗವೇ ಇಲ್ಲ. ಉಳಿದ ಶಂಕಿತರು ಕ್ಲಚ್ಚು, ಕ್ಲಚ್ಚನ್ನು ಕ್ರ್ಯಾಂಕಿಗೆ ಜೋಡಿಸುವ ಪ್ರೈಮರಿ ಚೈನು, ಪಿಸ್ಟನ್ನು ಮತ್ತು ಬೇರಿಂಗುಗಳು. ನಿದಾನ ಕಲಿಯುವವರಿಗೆ ಇದಕ್ಕಿಂತ ಸರಳವಾದ ಪಠ್ಯ ದೊರೆಯುವುದು ಕಷ್ಟ.

ಕ್ಲಚ್ಚೆಂದರೆ ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಬೇಕೆಂದಾಗ ಜೋಡಿಸುವ, ಬೇಡವೆಂದಾಗ ಬೇರ್ಪಡಿಸುವ ವ್ಯವಸ್ಥೆ. ಎಂಜಿನ್ನಿನೊಂದಿಗೆ ಸದಾ ತಿರುಗುವ ಒಂದು ಡ್ರಮ್ಮು, ಅದರ ಒಳಗೆ ಗೇರ್‌ಬಾಕ್ಸಿನ ಶಾಫ್ಟಿಗೆ ಸೇರಿದ ಒಂದು ಹಬ್ಬು, ಇವೆರಡರ ನಡುವೆ ಒಂದು ಬಿಟ್ಟು ಒಂದರಂತೆ ಜೋಡಿಸಿದ ಘರ್ಷಣೆಯ ಪ್ಲೇಟುಗಳು ಮತ್ತು ಉಕ್ಕಿನ ಪ್ಲೇಟುಗಳು, ಇವೆಲ್ಲವನ್ನೂ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟು ಮತ್ತು ಸ್ಪ್ರಿಂಗುಗಳು ಇದರ ಅಂಗಗಳು. ಸ್ಪ್ರಿಂಗುಗಳ ಒತ್ತಡದಲ್ಲಿ ಪ್ಲೇಟುಗಳು ಅಂಟಿಕೊಂಡಿರುವಾಗ ಡ್ರಮ್ಮೂ ಹಬ್ಬೂ ಒಂದಾಗಿ ತಿರುಗುತ್ತವೆ. ಹ್ಯಾಂಡಲಿನ ಹಿಡಿಯನ್ನು ಎಳೆದಾಗ ಕೇಬಲ್ಲು ಒಂದು ಸರಳಿನ ಮೂಲಕ ಪ್ರೆಶರ್ ಪ್ಲೇಟನ್ನು ಹೊರಕ್ಕೆ ತಳ್ಳುವುದರಿಂದ ಪ್ಲೇಟುಗಳ ಹಿಡಿತ ತಪ್ಪಿ, ಎಂಜಿನ್ ತಿರುಗುತ್ತಿದ್ದರೂ ಗೇರ್‌ಬಾಕ್ಸಿಗೆ ಅದರ ಬಲ ತಲುಪುವುದಿಲ್ಲ. ಜಾವಾದ ಘರ್ಷಣೆಯ ಪ್ಲೇಟುಗಳಲ್ಲಿ ಬಿರಡೆಯ ತುಂಡುಗಳನ್ನು ಕೂರಿಸಲಾಗಿರುತ್ತಿತ್ತು. ಇಡೀ ಕ್ಲಚ್ಚು ಎಣ್ಣೆಯಲ್ಲಿ ನೆನೆದೇ ಕೆಲಸ ಮಾಡುವುದರಿಂದ ಇದನ್ನು ಒದ್ದೆ ಕ್ಲಚ್ ಎಂದು ಕರೆಯುತ್ತಾರೆ; ನಮ್ಮ ರಸ್ತೆಗಳಲ್ಲಿ ಇಂದು ಓಡುವ ಗೇರಿನ ಬೈಕುಗಳಲ್ಲಿಯೂ ಹೆಚ್ಚಿನವು ಒದ್ದೆ ಕ್ಲಚ್ಚಿನವೇ.

ಜಾವಾ ಕ್ಲಚ್ಚಿಗೆ ಇನ್ನೊಂದು ವಿಶೇಷವಿತ್ತು, ಮತ್ತು ಮೈಸೂರಿನ ಗ್ಯಾರೇಜುಗಳಲ್ಲಿ ಅರ್ಧ ದೂರುಗಳ ಬೇರು ಅಲ್ಲಿಯೇ ಇದ್ದಿರಬೇಕು ಎನ್ನುವಷ್ಟರ ಮಟ್ಟಿಗೆ ಅದು ಹೊಸಬರನ್ನು ದಾರಿ ತಪ್ಪಿಸಬಲ್ಲದು. ಜಾವಾದಲ್ಲಿಯೂ ಅದರ ಪೀಳಿಗೆಯ ಆರಂಭದ ಯೆಜ್ಡಿಗಳಲ್ಲಿಯೂ ಗೇರಿನ ಲಿವರೇ ಕಿಕ್ಕರ್ ಕೂಡ ಹೌದು: ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಹೊಡೆಯಬಹುದು, ಎಂಜಿನ್ ಹೊತ್ತಿಕೊಂಡ ಮೇಲೆ ಅದೇ ಲಿವರಿನಿಂದ ಗೇರು ಹಾಕಬಹುದು. ಅದರ ಜೊತೆಗೆ, ಗೇರು ಹಾಕಲು ಕಾಲಿನಿಂದ ಲಿವರನ್ನು ಒತ್ತುವಾಗ ಅದರ ಚಲನೆಯ ಮೊದಲ ಭಾಗವೇ ಒಳಗಿನ ಒಂದು ಕ್ಯಾಮಿನ ಮೂಲಕ ಕ್ಲಚ್ಚನ್ನು ಬಿಡಿಸುವಂತೆ ಯೋಜಿಸಲಾಗಿತ್ತು. ಹೀಗಾಗಿ ಗಾಡಿ ಓಡುತ್ತಿರುವಾಗ ಕೈ ಹಿಡಿಯನ್ನು ಮುಟ್ಟದೆ ಗೇರು ಬದಲಿಸುವುದು ಸಾಧ್ಯವಿತ್ತು. ಈ ಅರೆ ಸ್ವಯಂಚಾಲಿತ ಏರ್ಪಾಡಿನ ಹೊಂದಾಣಿಕೆ ತಪ್ಪಿ, ಕ್ಯಾಮಿಗೂ ಕ್ಲಚ್ ಸರಳಿಗೂ ನಡುವೆ ಇರಬೇಕಾದ ಸಣ್ಣ ಸಡಿಲು ಇಲ್ಲವಾದರೆ, ಯಾರೂ ಏನನ್ನೂ ಒತ್ತದಿದ್ದರೂ ಕ್ಲಚ್ಚು ಕೊಂಚ ಬಿಟ್ಟುಕೊಂಡೇ ಇರುತ್ತದೆ. ಅಷ್ಟೇ ಅಲ್ಲ, ಸವಾರನು ಅಭ್ಯಾಸಬಲದಿಂದ ಬೂಟಿನ ತುದಿಯನ್ನು ಗೇರ್ ಲಿವರಿನ ಮೇಲೆ ಊರಿಕೊಂಡು ಹೋದರೂ ಪ್ಲೇಟುಗಳು ಜಾರುತ್ತವೆ. ಗಾಡಿ ಏರು ಹತ್ತದೆ ಬರಿದೇ ಕೂಗುತ್ತದೆ. ಕೊನೆಗೆ ಹೊಸ ಪ್ಲೇಟುಗಳನ್ನು ಹಾಕಿಸಿದರೂ ದೂರು ಹಾಗೆಯೇ ಉಳಿಯುತ್ತದೆ. ಇಲ್ಲಿ ರಿಪೇರಿ ಬೇಕಾದದ್ದು ಬೈಕಿಗಲ್ಲ, ಸವಾರನ ಅಭ್ಯಾಸಕ್ಕೆ.

ಕ್ಲಚ್ಚಿನ ಹಿಡಿಯನ್ನು ಪರೀಕ್ಷೆಯ ಸಾಧನವಾಗಿ ಬಳಸುವ ವಿಧಾನ ಸರಳವಾದರೂ ಅದರ ಹಿಂದಿನ ತರ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಗಾಡಿಯನ್ನು ನ್ಯೂಟ್ರಲಿನಲ್ಲಿ ನಿಲ್ಲಿಸಿ ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟಾಗ, ಹಿಡಿ ಸಡಿಲವಾಗಿರುವ ತನಕ ಕ್ಲಚ್ಚಿನ ಡ್ರಮ್ಮು, ಹಬ್ಬು ಮತ್ತು ಗೇರ್‌ಬಾಕ್ಸಿನ ಒಳಬರುವ ಶಾಫ್ಟು ಮೂರೂ ತಿರುಗುತ್ತಿರುತ್ತವೆ. ಹಿಡಿಯನ್ನು ಪೂರ್ತಿ ಎಳೆದೊಡನೆ ಹಬ್ಬು ಮತ್ತು ಶಾಫ್ಟು ನಿಧಾನಗೊಳ್ಳುತ್ತವೆ, ಡ್ರಮ್ಮು ಮಾತ್ರ ತಿರುಗುತ್ತಲೇ ಇರುತ್ತದೆ, ಮತ್ತು ಪ್ರೆಶರ್ ಪ್ಲೇಟನ್ನು ತಳ್ಳುವ ಸರಳು ಹಾಗೂ ಅದರ ಬೇರಿಂಗಿನ ಮೇಲೆ ಹೊಸದಾಗಿ ಭಾರ ಬೀಳುತ್ತದೆ. ಆದ್ದರಿಂದ ಹಿಡಿದಾಗ ನಿಂತು, ಬಿಟ್ಟಾಗ ಮರಳುವ ಗರಗರ ಸದ್ದಿನ ಮೂಲವನ್ನು ಗೇರ್‌ಬಾಕ್ಸಿನ ಶಾಫ್ಟಿನ ಬೇರಿಂಗಿನಲ್ಲಿ, ಸವೆದ ಹಲ್ಲುಗಳಲ್ಲಿ ಅಥವಾ ಸ್ವತಃ ಕ್ಲಚ್ಚಿನ ಪ್ಲೇಟುಗಳಲ್ಲಿ ಹುಡುಕಬೇಕು. ಹಿಡಿದಾಗ ಮಾತ್ರ ಹುಟ್ಟುವ ಕಿರುಗುಟ್ಟುವಿಕೆಯ ಮೂಲವನ್ನು ತಳ್ಳುವ ಸರಳಿನಲ್ಲಿ ಹುಡುಕಬೇಕು. ಹಿಡಿದರೂ ಬಿಟ್ಟರೂ ಎಳ್ಳಷ್ಟೂ ಬದಲಾಗದ ಸದ್ದು ಕ್ಲಚ್ಚಿನದಾಗಿರುವ ಸಾಧ್ಯತೆ ಕಡಿಮೆ. ಒಂದೇ ಸಿಲಿಂಡರಿನ ಎಂಜಿನ್ನು ನಿಧಾನವಾಗಿ ಓಡುವಾಗ ಅದರ ಬಲ ಎಡೆಬಿಡದೆ ಹರಿಯದೆ ಬಡಿತ ಬಡಿತವಾಗಿ ಬರುವುದರಿಂದ, ಪ್ಲೇಟುಗಳ ಕಿವಿಗಳು ಡ್ರಮ್ಮಿನ ಸೀಳುಗಳ ಅಂಚಿಗೆ ಬಡಿಯುತ್ತ ಅಲ್ಲಿ ಹಳ್ಳ ತೋಡುತ್ತವೆ. ಆ ಹಳ್ಳಗಳು ಆಳವಾದಾಗ ನ್ಯೂಟ್ರಲಿನಲ್ಲಿ ಕೇಳಿಬರುವ ಖಡಖಡವು ಆಕ್ಸಿಲರೇಟರ್ ಕೊಂಚ ಕೊಟ್ಟರೆ ಅಡಗುತ್ತದೆ, ಆದರೆ ಅದೇ ಹಳ್ಳಗಳಲ್ಲಿ ಪ್ಲೇಟುಗಳು ಸಿಕ್ಕಿಕೊಳ್ಳುವುದರಿಂದ ಕ್ಲಚ್ಚು ಸಲೀಸಾಗಿ ಬಿಡದೆ ಎಳೆಯತೊಡಗುತ್ತದೆ. ಸದ್ದೆಲ್ಲವೂ ದೋಷವಲ್ಲ ಎಂಬುದಕ್ಕೂ ಕ್ಲಚ್ಚಿನಲ್ಲೇ ಉದಾಹರಣೆಯಿದೆ: ಇಟಲಿಯ ಡುಕಾಟಿ ಕಂಪನಿಯ ಒಣ ಕ್ಲಚ್ಚಿನ ಬೈಕುಗಳಲ್ಲಿ ಹಿಡಿಯನ್ನು ಎಳೆದಾಗ ಪ್ಲೇಟುಗಳು ಜೋರಾಗಿ ಗಲಗಲಿಸುವುದು ಅವುಗಳ ಸಹಜ ಗುಣ, ಮತ್ತು ಅದನ್ನು ಮೆಚ್ಚಿಕೊಂಡು ಆ ಬೈಕುಗಳನ್ನು ಇಟ್ಟುಕೊಂಡವರೂ ಇದ್ದಾರೆ.

ಕ್ಲಚ್ಚಿನ ದೊಡ್ಡ ದೋಷಗಳಾದ ಜಾರುವಿಕೆ ಮತ್ತು ಎಳೆತ ಎರಡೂ ಸದ್ದಿಗಿಂತ ಮೊದಲು ನಡವಳಿಕೆಯಲ್ಲಿ ಕಾಣಿಸುತ್ತವೆ. ಜಾರುವ ಕ್ಲಚ್ಚಿನಲ್ಲಿ ಎಂಜಿನ್ನಿನ ಕೂಗು ಏರುತ್ತದೆ, ಗಾಡಿಯ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಇದನ್ನು ಸಮತಟ್ಟಾದ ರಸ್ತೆಯಲ್ಲಿ ಮೊದಮೊದಲು ಗುರುತಿಸುವುದು ಕಷ್ಟವಾದರೂ, ನಗರದಿಂದ ಸುಮಾರು ಸಾವಿರ ಅಡಿ ಎತ್ತರಕ್ಕೆ ಏರುವ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎತ್ತರದ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟು ನೋಡಿದರೆ ಅರೆಜೀವದ ಕ್ಲಚ್ಚು ತನ್ನನ್ನು ತಾನೇ ಬಯಲು ಮಾಡಿಕೊಳ್ಳುತ್ತದೆ. ಎಳೆಯುವ ಕ್ಲಚ್ಚಿನಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಹಿಡಿ ಪೂರ್ತಿ ಎಳೆದಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಮೊದಲ ಗೇರು ದೊಡ್ಡ ಸದ್ದಿನೊಂದಿಗೆ ಬೀಳುತ್ತದೆ. ತಣ್ಣಗಿರುವ ಎಂಜಿನ್ನಿನಲ್ಲಿ ಬೆಳಗಿನ ಮೊದಲ ಗೇರಿಗೆ ಮಾತ್ರ ಹೀಗಾದರೆ ಎಣ್ಣೆಯ ಅಂಟಿನಿಂದ ಪ್ಲೇಟುಗಳು ಒಂದಕ್ಕೊಂದು ಹತ್ತಿಕೊಂಡಿವೆ ಎಂದಷ್ಟೇ ಅರ್ಥ. ದಿನವಿಡೀ ಹಾಗೆಯೇ ಆದರೆ ಪ್ಲೇಟು ಬಾಗಿರಬಹುದು ಅಥವಾ ಕೇಬಲ್ಲು ಸಡಿಲವಾಗಿರಬಹುದು. ಎರಡೂ ದೋಷಗಳಿಗೆ ಮೊದಲ ಚಿಕಿತ್ಸೆ ಒಂದೇ: ಹಿಡಿಯ ತುದಿಯಲ್ಲಿ ಕ್ಲಚ್ಚು ಬಿಡಲಾರಂಭಿಸುವ ಮೊದಲು 10ರಿಂದ 15 ಮಿ.ಮೀ.ನಷ್ಟು ಖಾಲಿ ಚಲನೆ ಇದೆಯೇ ಎಂದು ನೋಡುವುದು. ಅದು ಕಡಿಮೆಯಾದರೆ ಜಾರುವಿಕೆ, ಹೆಚ್ಚಾದರೆ ಎಳೆತ. ಕೇಬಲ್ಲಿನ ತಿರುಪನ್ನು ಎರಡು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಕ್ಲಚ್ ಪ್ಲೇಟಿನ ಪೂರ್ತಿ ಸೆಟ್ಟನ್ನೇ ಬದಲಿಸುವ ಪದ್ಧತಿ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಎಣ್ಣೆಯ ಆಯ್ಕೆಯೂ ಇಲ್ಲಿ ಸೇರುತ್ತದೆ. ಇಂದಿನ ನಾಲ್ಕು ಸ್ಟ್ರೋಕಿನ ಬೈಕುಗಳಲ್ಲಿ ಎಂಜಿನ್ನು, ಗೇರ್‌ಬಾಕ್ಸು ಮತ್ತು ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಇಂಧನ ಉಳಿತಾಯಕ್ಕೆಂದು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸಿದ ಕಾರಿನ ಎಣ್ಣೆಯನ್ನು ಅಗ್ಗವೆಂದು ಬೈಕಿಗೆ ಸುರಿದರೆ, ಘರ್ಷಣೆಯನ್ನೇ ನಂಬಿ ಬದುಕುವ ಕ್ಲಚ್ಚು ಜಾರತೊಡಗಬಹುದು. ಈ ಗೊಂದಲವನ್ನು ನಿವಾರಿಸಲೆಂದೇ ಜಪಾನಿನ ವಾಹನ ಮಾನದಂಡ ಸಂಸ್ಥೆಯು ಒದ್ದೆ ಕ್ಲಚ್ಚಿಗೆ ತಕ್ಕ ಎಣ್ಣೆಗಳನ್ನು ಜಾಸೊ ಎಂ.ಎ. ಎಂದೂ, ಘರ್ಷಣೆ ಕಡಿಮೆ ಇರುವ, ಸ್ಕೂಟರಿಗೆ ಒಪ್ಪುವ ಎಣ್ಣೆಗಳನ್ನು ಎಂ.ಬಿ. ಎಂದೂ ವಿಂಗಡಿಸಿದೆ. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಈ ಗುರುತನ್ನು ಓದಿಕೊಳ್ಳುವುದು ಬ್ರ್ಯಾಂಡಿನ ಹೆಸರು ನೋಡುವುದಕ್ಕಿಂತ ಮುಖ್ಯ.

ಜಾವಾದಲ್ಲಿ ಕ್ಲಚ್ಚಿನ ಕವಚದೊಳಗಿನಿಂದಲೇ ಬರುವ, ಆದರೆ ಕ್ಲಚ್ಚಿಗೆ ಸೇರದ ಇನ್ನೊಂದು ಸದ್ದು ಪ್ರೈಮರಿ ಚೈನಿನದು. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿ ಕೂತಿರುವುದರಿಂದ ಎರಡು ಸ್ಪ್ರಾಕೆಟ್ಟುಗಳ ನಡುವಿನ ಅಂತರವನ್ನು ಹಿಗ್ಗಿಸಿ ಚೈನನ್ನು ಬಿಗಿ ಮಾಡುವ ಅವಕಾಶವಿಲ್ಲ. ಸವೆದು ಉದ್ದವಾದ ಚೈನು ಕವಚದ ಒಳಮೈಗೆ ಬಡಿಯುತ್ತದೆ, ಮುಖ್ಯವಾಗಿ ಆಕ್ಸಿಲರೇಟರನ್ನು ಬಿಟ್ಟು ಮತ್ತೆ ಕೊಡುವ ಸಂಧಿಯಲ್ಲಿ. ಹಾಗಾದಾಗ ಚೈನನ್ನು ಬದಲಿಸದೆ ಬೇರೆ ದಾರಿಯಿಲ್ಲ. ಎಂಜಿನ್ನಿನ ಬಲಬದಿಯಲ್ಲಿ ಕ್ರ್ಯಾಂಕಿನ ತುದಿಗೇ ಕೂರಿಸಿದ ಡೈನಮೊ ಇದ್ದು, ಕ್ರ್ಯಾಂಕಿನ ಮುಖ್ಯ ಬೇರಿಂಗು ಸವೆದಾಗ ಡೈನಮೊದ ತಿರುಗುವ ಭಾಗವು ಸುತ್ತಲಿನ ಕಾಯಿಲುಗಳ ಕಬ್ಬಿಣಕ್ಕೆ ತಾಗಿ ಕೆರೆಯುತ್ತದೆ. ಬಲಗಡೆಯ ಮುಚ್ಚಳ ತೆಗೆದರೆ ಆ ಕೆರೆದ ಗುರುತು ಕಣ್ಣಿಗೇ ಕಾಣುತ್ತದೆ ಎಂಬುದರಿಂದ, ಎಂಜಿನ್ ಬಿಚ್ಚದೆ ಬೇರಿಂಗಿನ ಸ್ಥಿತಿ ಅರಿಯಲು ಜಾವಾದವರಿಗೆ ಇದೊಂದು ಅನುಕೂಲ. ಎಡಬದಿಯ ಆಯಿಲ್ ಸೀಲ್ ಹೋದರೆ ಕ್ಲಚ್ಚಿನ ಕಡೆಯ ಎಣ್ಣೆಯನ್ನು ಕ್ರ್ಯಾಂಕಿನ ಕೋಣೆ ಹೀರಿಕೊಂಡು ಸೈಲೆನ್ಸರುಗಳಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಬಲಬದಿಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನು ಬೇಗ ಇಳಿಯದೆ ಕೂಗುತ್ತಲೇ ಇರುತ್ತದೆ.

ಎಂಜಿನ್ನಿನೊಳಗಿನ ಸದ್ದುಗಳನ್ನು ಬೇರ್ಪಡಿಸಲು ಬಿಸಿ ಮತ್ತು ಭಾರ ಎರಡೂ ಬೇಕು. ಅಲ್ಯುಮಿನಿಯಮ್ಮಿನ ಪಿಸ್ಟನ್ನು ಬಿಸಿಗೆ ಬೀಡುಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ತಣ್ಣಗಿರುವಾಗ ಇವೆರಡರ ನಡುವಿನ ಸಡಿಲು ಹೆಚ್ಚು. ಸವೆದ ಸಿಲಿಂಡರಿನಲ್ಲಿ ಪಿಸ್ಟನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ವಾಲಿ ಬಡಿಯುವ ಪೊಳ್ಳು ಸದ್ದು ಬೆಳಿಗ್ಗೆ ಜೋರಾಗಿ ಕೇಳಿ, ಎರಡು ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಕುಗ್ಗುತ್ತದೆ. ಮೆಕ್ಯಾನಿಕ್ಕರು ‘ಬೋರ್ ಹೋಗಿದೆ’ ಎನ್ನುವುದು ಇದನ್ನೇ. ಬಿಸಿಯಾದ ಮೇಲೆ ಪೂರ್ತಿ ಮಾಯವಾಗುವಷ್ಟು ದಿನ ಇದರೊಂದಿಗೆ ಗಾಡಿ ಓಡಿಸಬಹುದು, ಬಿಸಿಯಲ್ಲಿಯೂ ಉಳಿದರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ ಸಡಿಲು ಇದಕ್ಕಿಂತ ತೆಳ್ಳಗಿನ, ಲೋಹದ ಕಿಣಿಕಿಣಿಯನ್ನು ಹುಟ್ಟಿಸುತ್ತದೆ. ಬಿಸಿಯಾದರೂ ಅದು ಕಡಿಮೆಯಾಗುವುದಿಲ್ಲ. ಹಗುರ ಆಕ್ಸಿಲರೇಟರಿನಲ್ಲಿ ಸ್ಪಷ್ಟವಾಗುತ್ತದೆ. ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗು ಸವೆದಾಗಿನ ಸದ್ದು ಆಳವಾದ ಗುದ್ದು. ಏರಿನಲ್ಲಿ, ಭಾರ ಹೊತ್ತು, ಆಕ್ಸಿಲರೇಟರ್ ಕೊಟ್ಟಾಗ ಅದು ಬಲಿಯುತ್ತದೆ, ಬಿಟ್ಟೊಡನೆ ತಗ್ಗುತ್ತದೆ, ಕಾಲಿಡುವ ಪೆಗ್ಗಿನ ಮೂಲಕ ಅಂಗಾಲಿಗೂ ತಟ್ಟುತ್ತದೆ. ಎರಡು ಸ್ಟ್ರೋಕಿನ ಇಂಥ ಎಂಜಿನ್ನಿನ ಕ್ರ್ಯಾಂಕು ಹಲವು ತುಂಡುಗಳನ್ನು ಒತ್ತಿ ಕೂಡಿಸಿ ಮಾಡಿದ್ದಾದ್ದರಿಂದ, ಅದನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು ಮತ್ತು ಬೇರಿಂಗು ಹಾಕಿ, ಮತ್ತೆ ಒತ್ತಿ, ಎರಡೂ ಬದಿ ಒಂದೇ ರೇಖೆಯಲ್ಲಿ ತಿರುಗುವಂತೆ ನೇರ ಮಾಡಬೇಕು. ಈ ಕೊನೆಯ ಹಂತದಲ್ಲಿ ತೋರುವ ಸೋಮಾರಿತನವೇ ರಿಪೇರಿಯಾದ ಕೆಲವೇ ತಿಂಗಳಲ್ಲಿ ಮುಖ್ಯ ಬೇರಿಂಗು ಊಳಿಡುವುದಕ್ಕೆ ಕಾರಣ.

ಭಾಗಗಳು ಯಾವುವೂ ಸವೆಯದಿದ್ದರೂ ಕೇಳಿಬರುವ ಸದ್ದೊಂದಿದೆ. ಮಿಶ್ರಣವು ಸ್ಪಾರ್ಕ್ ಪ್ಲಗ್ಗಿನಿಂದ ಸಾಲಾಗಿ ಉರಿಯದೆ ಅಲ್ಲಲ್ಲಿ ತಾನಾಗಿ ಸಿಡಿದಾಗ, ಡಬ್ಬದಲ್ಲಿ ಗೋಲಿ ಅಲುಗಿಸಿದಂತಹ ದನಿ ಏರಿನಲ್ಲಿ ಕೇಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ನಾಕಿಂಗ್. ಇಗ್ನಿಷನ್ ಟೈಮಿಂಗ್ ಮುಂದಾಗಿರುವುದು, ಸಿಲಿಂಡರ್ ಹೆಡ್ಡಿನಲ್ಲಿ ಮಸಿ ಕಟ್ಟಿರುವುದು, ಕಾರ್ಬುರೇಟರ್ ಪೆಟ್ರೋಲನ್ನು ಕಡಿಮೆ ಕೊಡುತ್ತಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಜಾವಾದ ಕಾಲದ ಪೆಟ್ರೋಲಿನಲ್ಲಿ ನಾಕಿಂಗ್ ತಡೆಯಲು ಸೀಸ ಬೆರೆಸುತ್ತಿದ್ದರು. 2000ದಲ್ಲಿ ಅದು ದೇಶಾದ್ಯಂತ ನಿಂತಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20ರ ಎಥನಾಲ್ ಮಿಶ್ರಿತ ಪೆಟ್ರೋಲು ನಾಕಿಂಗನ್ನು ತಡೆಯುವ ಗುಣದಲ್ಲಿ ಹಿಂದೆ ಬಿದ್ದಿಲ್ಲವಾದರೂ, ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಹಳೆಯ ಅಳತೆಯ ಜೆಟ್ಟಿನ (ಪೆಟ್ರೋಲು ಹಾಯುವ ರಂಧ್ರದ) ಕಾರ್ಬುರೇಟರಿನಲ್ಲಿ ಮಿಶ್ರಣವು ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ. ಎಥನಾಲು ನೀರನ್ನೂ ಹೀರುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಹಳೆಯ ಎರಡು ಸ್ಟ್ರೋಕಿನ ಗಾಡಿ ಇಟ್ಟುಕೊಂಡವರು ಜೆಟ್ಟಿನ ಅಳತೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದು ಮೇಲು.

ಜಾವಾದಂತೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಓಡಿಸುವ ಎಂಜಿನ್ನಿಗೆ ಬೆಟ್ಟ ಹತ್ತುವುದಕ್ಕಿಂತ ಇಳಿಯುವುದು ಅಪಾಯಕರ ಎಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಚಾಮುಂಡಿ ಬೆಟ್ಟದಿಂದ ಗೇರಿನಲ್ಲೇ, ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಇಳಿಯುವಾಗ ಚಕ್ರವು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿರುತ್ತದೆ, ಆದರೆ ಪೆಟ್ರೋಲು ಒಳಬರದೆ ಅದರೊಂದಿಗೆ ಬರಬೇಕಾದ ಎಣ್ಣೆಯೂ ನಿಲ್ಲುತ್ತದೆ. ಒಣಗಿದ ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಳ್ಳುವ ಮುನ್ನ ಎಂಜಿನ್ನು ಸಣ್ಣಗೆ ಕೀರಲು ದನಿ ತೆಗೆದು ಮಂದವಾಗುತ್ತದೆ. ಆ ಕ್ಷಣಕ್ಕೆ ಕ್ಲಚ್ಚನ್ನು ಹಿಡಿದರೆ ಹಿಂದಿನ ಚಕ್ರ ಲಾಕ್ ಆಗುವುದು ತಪ್ಪುತ್ತದೆ. ಇಳಿಜಾರಿನಲ್ಲಿ ಆಗಾಗ ಆಕ್ಸಿಲರೇಟರನ್ನು ಒಂದು ಗಳಿಗೆ ತಿರುವಿ ಬಿಡುವ ಹಳೆಯ ಸವಾರರ ಅಭ್ಯಾಸವನ್ನು ಶೋಕಿ ಎಂದು ಭಾವಿಸಿದವರುಂಟು. ಅದು ಎಣ್ಣೆ ಉಣಿಸುವ ಕ್ರಮ.

ಮೈಸೂರಿನ ರಸ್ತೆಗಳಲ್ಲಿ ಈಗ ನಾಲ್ಕು ಸ್ಟ್ರೋಕಿನದೇ ಆಳ್ವಿಕೆ. 1985ರಲ್ಲಿ ಬಂದ ಹೀರೊ ಹೋಂಡಾ ಸಿ.ಡಿ. 100 ಮೈಲೇಜಿನ ಆಸೆ ಹಚ್ಚಿ ಯೆಜ್ಡಿಯಂಥ ಗಾಡಿಗಳ ಮಾರುಕಟ್ಟೆಯನ್ನು ಕಿತ್ತುಕೊಂಡಿತು. ಇಂದು ನಂಜನಗೂಡು ರಸ್ತೆಯ ಕಡಕೊಳದ ಬಳಿಯ ಟಿ.ವಿ.ಎಸ್. ಕಾರ್ಖಾನೆ ಈ ಊರಿನ ದ್ವಿಚಕ್ರ ತಯಾರಿಕೆಯನ್ನು ಮುಂದುವರಿಸಿದೆ. ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗಿ 2018ರಲ್ಲಿ ಮರಳಿ ಬಂದ ಜಾವಾ ಕೂಡ ನಾಲ್ಕು ಸ್ಟ್ರೋಕಿನದೇ, ಅದೂ ನೀರಿನಿಂದ ತಣ್ಣಗಾಗುವ ಎಂಜಿನ್ನು. ಇಂಥ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಬರುವಾಗ ಕ್ಯಾಮ್‌ಶಾಫ್ಟು ಒಂದೇ ಸುತ್ತು ಬರುತ್ತದೆ, ಮತ್ತು ನಿದಾನಕ್ಕೆ ಈ ಅನುಪಾತ ಬಹಳ ಉಪಯುಕ್ತ. ಎಂಜಿನ್ನು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕಿಗೆ ಸೇರಿದ ಬಡಿತ ಸೆಕೆಂಡಿಗೆ 20, ಕವಾಟಗಳಿಗೆ ಸೇರಿದ್ದು 10. ಅಭ್ಯಾಸವಾದ ಕಿವಿಗೆ ಈ ಎರಡು ಲಯಗಳ ವ್ಯತ್ಯಾಸ ಸ್ಪಷ್ಟ. ಮೇಲಿನಿಂದ, ಅರ್ಧ ವೇಗದಲ್ಲಿ ಬರುವ ಟಿಕ್ ಟಿಕ್ ಟ್ಯಾಪೆಟ್ಟಿನದು. ಟ್ಯಾಪೆಟ್ಟಿಗೂ ಕವಾಟಕ್ಕೂ ನಡುವೆ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಆಸುಪಾಸಿನ ಸಡಿಲು ಬೇಕೇ ಬೇಕು, ಆದ್ದರಿಂದ ಸಣ್ಣ ಟಿಕ್ ಸದ್ದು ಆರೋಗ್ಯದ ಲಕ್ಷಣ. ಸದ್ದೇ ಬೇಡವೆಂದು ಟ್ಯಾಪೆಟ್ಟನ್ನು ಬಿಗಿ ಮಾಡಿಸಿಕೊಂಡವರ ಬೈಕಿನಲ್ಲಿ ಕವಾಟ ಪೂರ್ತಿ ಮುಚ್ಚದೆ ಬಿಸಿಯೇರಿ ಸುಟ್ಟುಹೋಗುತ್ತದೆ. ಸದ್ದಿಲ್ಲದ ಟ್ಯಾಪೆಟ್ಟಿಗೇ ಹೆಚ್ಚು ಹೆದರಬೇಕು. ಟೈಮಿಂಗ್ ಚೈನು ಸಡಿಲವಾದಾಗಿನ ಕರಕರ ಮಾತ್ರ ಉಪೇಕ್ಷಿಸತಕ್ಕದ್ದಲ್ಲ; ಅದು ಹಲ್ಲು ಜಾರಿದರೆ ಕವಾಟಗಳು ಪಿಸ್ಟನ್ನಿಗೇ ಬಡಿಯಬಹುದು.

ಸದ್ದಿನ ಜಾಗ ಹಿಡಿಯಲು ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಉಪಕರಣ ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಕವಚದ ಮೇಲೆ ಊರಿ ಹಿಡಿಕೆಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡರೆ, ಗಾಳಿಯಲ್ಲಿ ಬೆರೆತುಹೋಗುವ ಸದ್ದು ಲೋಹ ಮತ್ತು ಮೂಳೆಗಳ ಮೂಲಕ ನೇರವಾಗಿ ಒಳಗಿವಿಗೆ ತಲುಪುತ್ತದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮಾನಸಗಂಗೋತ್ರಿಯಲ್ಲಿ ಇಟ್ಟುಕೊಂಡಿರುವ ಊರಿನಲ್ಲಿ ಮೂಳೆಯ ಮೂಲಕ ಕೇಳುವ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಯಸ್ಸಿನೊಂದಿಗೂ ದಿನವಿಡೀ ಗದ್ದಲದ ನಡುವೆ ದುಡಿಯುವುದರಿಂದಲೂ ಮೊದಲು ಕ್ಷೀಣಿಸುವುದು ತೆಳ್ಳಗಿನ, ಎತ್ತರದ ದನಿಗಳನ್ನು ಕೇಳುವ ಶಕ್ತಿ ಎಂಬುದನ್ನು ನೆನಪಿಡಬೇಕು. ಹಿರಿಯ ಮೆಕ್ಯಾನಿಕ್ಕರು ಕವಚದ ಮೇಲೆ ಅಂಗೈಯಿಟ್ಟು ನೋಡುವುದರಲ್ಲಿ ಇದಕ್ಕೊಂದು ಪರಿಹಾರವಿದೆ. ಗಾಡಿ ಓಡುವಾಗ ಮಾತ್ರ ಬರುವ ಸದ್ದನ್ನು ಹೆಲ್ಮೆಟ್ಟಿನೊಳಗೆ ಹಿಡಿಯುವುದು ಕಷ್ಟವಾದಾಗ, ಜನಸಂಚಾರವಿಲ್ಲದ ರಸ್ತೆಯಲ್ಲಿ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಸಾಗಿದರೆ ಗೋಡೆ ಅದನ್ನು ಹಿಂದಿರುಗಿಸಿ ಕೇಳಿಸುತ್ತದೆ. ಕ್ಲಚ್ ಹಿಡಿದು ಎಂಜಿನ್ನಿನ ವೇಗ ಇಳಿಸಿದರೂ ಸದ್ದು ಗಾಡಿಯ ವೇಗದೊಂದಿಗೇ ಉಳಿದರೆ ಅದರ ಮೂಲ ಎಂಜಿನ್ನಲ್ಲ, ಹಿಂದಿನ ಚೈನು, ಚಕ್ರದ ಬೇರಿಂಗು ಅಥವಾ ಬ್ರೇಕು. ಹಿಂದಿನ ಚೈನನ್ನು ಪೂರ್ತಿ ಮುಚ್ಚಿಟ್ಟ ಜಾವಾದಲ್ಲಿ ಒಣಗಿದ ಚೈನು ಕಣ್ಣಿಗೆ ಬೀಳದೆ ಎಷ್ಟೋ ದಿನ ಕಿರುಗುಟ್ಟುತ್ತದೆ.

ಹೀಗಿರುವುದರಿಂದ ಹುಡುಕಾಟವು ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಸಾಗಬೇಕು. ಎಂಜಿನ್ನನ್ನು ಚಾಸಿಸ್ಸಿಗೆ ಕಚ್ಚಿಸಿದ ಬೋಲ್ಟುಗಳು, ಸೈಲೆನ್ಸರಿನ ಕ್ಲಾಂಪು, ಜಾವಾದಲ್ಲಾದರೆ ಹೊಗೆಕೊಳವೆಗಳನ್ನು ಸಿಲಿಂಡರಿಗೆ ಬಿಗಿಯುವ ಎರಡು ಉಂಗುರ ನಟ್ಟುಗಳು, ಎಣ್ಣೆಯ ಮಟ್ಟ, ಕ್ಲಚ್ ಕೇಬಲ್ಲು, ಚೈನು ಇಷ್ಟನ್ನು ನೋಡದೆ ‘ಎಂಜಿನ್ ಬಿಚ್ಚಬೇಕು’ ಎಂದು ತೀರ್ಪು ಕೊಡುವ ಗ್ಯಾರೇಜಿನಿಂದ ಗಾಡಿಯನ್ನು ಹಿಂದಕ್ಕೆ ತರುವುದೇ ಲೇಸು. ಹಳೆಯ ಬೈಕು ಕೊಳ್ಳುವವರು ಮಾರುವವರ ಮನೆಗೆ ಹೋದಾಗ, ಎಂಜಿನ್ ಹೊತ್ತಿಸುವ ಮೊದಲು ಸಿಲಿಂಡರನ್ನು ಮುಟ್ಟಿ ನೋಡಬೇಕು. ಅದು ಆಗಲೇ ಬೆಚ್ಚಗಿದ್ದರೆ ತಣ್ಣನೆಯ ಎಂಜಿನ್ನಿನ ಸದ್ದನ್ನು ಬೇಕೆಂದೇ ಮರೆಮಾಡಿರಬಹುದು; ಮಂದವಾದ ಎಣ್ಣೆ ತುಂಬಿ ಬಡಿತವನ್ನು ಅಡಗಿಸುವುದೂ ಹಳೆಯ ತಂತ್ರ.

ಗ್ಯಾರೇಜಿಗೆ ಹೋಗುವ ಮುನ್ನ ಸವಾರರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು ಇಷ್ಟು: ಸದ್ದು ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ಇಳಿಜಾರಿನಲ್ಲೋ, ಕ್ಲಚ್ ಹಿಡಿದಾಗಲೋ ಬಿಟ್ಟಾಗಲೋ, ಎಂಜಿನ್ನಿನ ವೇಗದೊಂದಿಗೋ ಗಾಡಿಯ ವೇಗದೊಂದಿಗೋ. ಕ್ಲಚ್ಚಿನ ಖಡಖಡ, ಟ್ಯಾಪೆಟ್ಟಿನ ಟಿಕ್ ಟಿಕ್ ಮತ್ತು ತಣ್ಣನೆಯ ಪಿಸ್ಟನ್ನಿನ ಬಡಿತ ಇವುಗಳೊಂದಿಗೆ ನಿಧಾನವಾಗಿ ಮನೆ ಸೇರಬಹುದು. ಭಾರ ಬಿದ್ದಾಗ ತಳದಿಂದ ಬರುವ ಗುದ್ದು ಕೇಳಿಸಿದರೆ ಮಾತ್ರ ಅಲ್ಲಿಯೇ ಎಂಜಿನ್ ಆರಿಸಿ, ಗಾಡಿಯನ್ನು ತಳ್ಳಿಕೊಂಡಾದರೂ ಸರಿ, ಟೆಂಪೊದಲ್ಲಿ ಹೇರಿಕೊಂಡಾದರೂ ಸರಿ, ಗ್ಯಾರೇಜಿಗೆ ಒಯ್ಯಬೇಕು. ಮುರಿದ ಕನೆಕ್ಟಿಂಗ್ ರಾಡ್ ಎಂಜಿನ್ನಿನ ಕವಚವನ್ನೇ ಒಡೆಯಬಲ್ಲದು, ಮತ್ತು ಮೈಸೂರು ಜಾವಾದ ಹೊಸ ಕವಚವನ್ನು ಎರಕ ಹೊಯ್ಯುತ್ತಿದ್ದ ಕಾರ್ಖಾನೆ 1996ರಲ್ಲೇ ಮುಚ್ಚಿದೆ.